ಖಾಲಿ ಲಾರಿ

ಓಡುತ್ತಿರುವ ಲಾರಿಯ ಹೊಟ್ಟೆಯೊಳಗೆ ನಿಂತು ಗುಡಿಸಬೇಕು. ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿರುತ್ತಾರೆ. ಒಳಗೆ ಕತ್ತಲು. ಡ್ರೈವರ್ ಬ್ರೇಕ್ ಒತ್ತಿದರೆ ಮುಂದಿನ ತಗಡಿಗೆ ಹೋಗಿ ಬಡಿಯಬೇಕು. ತಿರುಗಿಸಿದರೆ ಪಕ್ಕದ ತಗಡಿಗೆ. ಕುಳ್ಳಿಗೆ ಹೀಗೇ ಎರಡು ಹಲ್ಲು ಹೋಗಿದ್ದವು. ಬಾಯಿಗೆ ಬಂದದ್ದನ್ನು ಉಗಿದು, ಅದನ್ನೂ ಕಸದ ಜೊತೆ ಗುಡಿಸಿಕೊಂಡು ಕೆಳಗಿಳಿದಿದ್ದಳು.

ಮೊದಲು ಹೀಗಿರಲಿಲ್ಲ. ಆ ಸರಕು ಟರ್ಮಿನಲ್‌ಗೆ ಲಾರಿ ಬರುತ್ತಿತ್ತು. ಇಳಿಸುವ ಕಟ್ಟೆಗೆ ಹಿಂದಕ್ಕೆ ಸರಿಯುತ್ತಾ ಬಂದು ನಿಲ್ಲುತ್ತಿತ್ತು. ಹಮಾಲರು ಮಾಲು ಇಳಿಸುತ್ತಿದ್ದರು. ಆಮೇಲೆ ಹೆಂಗಸರು ಹತ್ತುತ್ತಿದ್ದರು. ಮೀನಿನ ಲೋಳೆ, ಒಡೆದ ಗಾಜು, ಕಣ್ಣು ಉರಿಸುವ ಗೊಬ್ಬರದ ಪುಡಿ, ಹಸಿ ಚರ್ಮದ ನೀರು, ಏನಿದ್ದರೂ ಬಳಿದು, ಗುಡಿಸಿ, ನೀರು ಹಾಕಿ ತೊಳೆಯುತ್ತಿದ್ದರು. ಗೇಟಿನ ಮುದುಕ ಕೂಗಿ ಕೇಳುತ್ತಿದ್ದ, "ಆಯ್ತೇನ್ರಮ್ಮಾ?" ಆಯ್ತು ಅಂದರೆ ಮಾತ್ರ ಲಾರಿ ಅಂಗಳ ದಾಟಿ ತುಂಬುವ ಕಟ್ಟೆಗೆ ಹೋಗುತ್ತಿತ್ತು.

ಆಮೇಲೆ ಸಿಸ್ಟಮ್ ಬಂತು. ಗೇಟಿನ ಮುದುಕ ಮನೆಗೆ ಹೋದ. ಯಾವ ಲಾರಿ ಯಾವ ಹೊತ್ತಿಗೆ ಬರಬೇಕು, ಯಾವ ಕಟ್ಟೆಗೆ ಹೋಗಬೇಕು, ಇಳಿಸಿದ ಮೇಲೆ ಎತ್ತ ತಿರುಗಬೇಕು, ಎಲ್ಲವನ್ನೂ ಮೇಲಿನ ರೂಮಿನ ಕಂಪ್ಯೂಟರೇ ನಿಮಿಷ ನಿಮಿಷಕ್ಕೆ ಲೆಕ್ಕ ಹಾಕಿ ಹೇಳುತ್ತಿತ್ತು. ಕಟ್ಟೆ ಖಾಲಿ ಬೀಳಬಾರದು, ಲಾರಿ ಸುಮ್ಮನೆ ನಿಲ್ಲಬಾರದು. ಮೊದಲು ಅರ್ಧ ದಿನ ಕಾಯುತ್ತಿದ್ದ ಲಾರಿ ಈಗ ಚಹಾ ಆರುವುದರೊಳಗೆ ಹೊರಡುತ್ತಿತ್ತು. ಇಸ್ತ್ರಿ ಬಟ್ಟೆ ತೊಟ್ಟ ದೊಡ್ಡವರು ಬಂದು ನೋಡಿ ಚಪ್ಪಾಳೆ ತಟ್ಟಿ ಹೋದರು.

ಆ ಲೆಕ್ಕದಲ್ಲಿ ಲಾರಿ ಬರುವುದಿತ್ತು. ಇಳಿಸುವುದಿತ್ತು. ಅಂಗಳ ದಾಟುವುದಿತ್ತು. ತುಂಬುವುದಿತ್ತು. ಹೋಗುವುದಿತ್ತು. ಗುಡಿಸುವುದು ಇರಲಿಲ್ಲ. ಲೆಕ್ಕ ಮಾಡಿದವರು ಮರೆತಿದ್ದರು. ಅಥವಾ ಲಾರಿ ತಾನಾಗೇ ಚೊಕ್ಕಟವಾಗುತ್ತದೆ ಅಂದುಕೊಂಡಿದ್ದರು.

ಹೆಂಗಸರು ಮೇಸ್ತ್ರಿಯನ್ನು ಕೇಳಿದರು, "ಯಾವಾಗ ಗುಡಿಸೋದು?"

"ಅಂಗಳ ದಾಟುವಾಗ ಗುಡಿಸಿ," ಅಂದ ಮೇಸ್ತ್ರಿ.

"ಓಡೋ ಲಾರೀಲಾ?"

"ಆಗಲ್ಲ ಅಂದ್ರೆ ಹೇಳಿ. ಆಗತ್ತೆ ಅನ್ನೋರು ಹೊರಗೆ ಸಾಲಾಗಿ ನಿಂತಿದ್ದಾರೆ."

ಬಾಗಿಲು ತೆಗೆದು ಲಾರಿ ಓಡಿಸಿದರೆ ಕ್ಯಾಮೆರಾ ಹಿಡಿಯುತ್ತಿತ್ತು. ಅದಕ್ಕೇ ಮೇಸ್ತ್ರಿ ಅವರನ್ನು ಒಳಗೆ ಬಿಟ್ಟು ತಾನೇ ಅಗುಳಿ ಜಡಿಯುತ್ತಿದ್ದ. ಆ ಕಡೆ ತುಂಬುವ ಹಮಾಲರು ತೆಗೆಯುತ್ತಿದ್ದರು. ಒಬ್ಬೊಬ್ಬಳಿಗೆ ಒಂದೊಂದು ಲಾರಿ. ಬಾಗಿಲು ತೆಗೆದ ಕೂಡಲೇ ಹಮಾಲರು ಮೂಗು ಮುಚ್ಚಿಕೊಂಡು, "ಇಳಿ ಇಳಿ, ಬೇಗ," ಅನ್ನುತ್ತಿದ್ದರು. ಅವರ ನೀರಿನ ಕ್ಯಾನು ಮುಟ್ಟಲು ಬಿಡುತ್ತಿರಲಿಲ್ಲ. ಕೈಯೆಲ್ಲ ಮೀನಿನ ನಾತ ಅನ್ನುತ್ತಿದ್ದರು. ಆ ಮೀನನ್ನು ಇಳಿಸಿದ್ದೂ ಅವರಂಥ ಹಮಾಲರೇ.

ಕುಳ್ಳಿ ನಿಜಕ್ಕೂ ಕುಳ್ಳಿಯೇ. "ನಿನಗೇನೇ, ಗುಡಿಸೋಕೆ ಬಗ್ಗೋ ಕಷ್ಟವೇ ಇಲ್ಲ," ಎಂದು ಅತ್ತಿಗೆ ನಗಿಸುತ್ತಿದ್ದಳು. ಕುಳ್ಳಿಯ ಅಣ್ಣ ಸತ್ತು ವರ್ಷಗಳಾಗಿದ್ದವು. ಅವನು ಸತ್ತ ಮೇಲೂ ಅತ್ತಿಗೆ ನಾದಿನಿ ಒಂದೇ ರೂಮಿನಲ್ಲಿ ಇದ್ದರು. ಒಂದು ಒಲೆ, ಒಂದು ಹಾಸಿಗೆ, ಅತ್ತಿಗೆಯ ಮಗಳು ಪುಟ್ಟಿ. ಪುಟ್ಟಿ ಹೈಸ್ಕೂಲಿಗೆ ಹೋಗುತ್ತಿದ್ದಳು. ಇಬ್ಬರೂ ಲಾರಿ ಗುಡಿಸಿ ಮನೆಗೆ ಬಂದರೆ ಅವಳು ಮೊದಲು ಬಿಸಿನೀರು ಕೊಡುತ್ತಿದ್ದಳು, ಆಮೇಲೆ ಮಾತು. ಅತ್ತಿಗೆಗೆ ಮಂಡಿನೋವು. ಲಾರಿಯೊಳಗೆ ತೂರಾಡಿದ ದಿನ ಪುಟ್ಟಿ ಅವಳ ಕಾಲು ತಿಕ್ಕುತ್ತಾ ಕೂರುತ್ತಿದ್ದಳು. ಕುಳ್ಳಿ ಅತ್ತಿಗೆಗೆ ಹೇಳಿದ್ದಳು, "ಬಿಟ್ಟುಬಿಡು ಈ ಕೆಲಸಾನ. ನಾನೊಬ್ಬಳು ದುಡಿದ್ರೆ ಸಾಕು." ಅತ್ತಿಗೆ ಅಂದಿದ್ದಳು, "ಇವಳು ಓದಿ ಮುಗಿಸಲಿ. ಮಾರನೇ ದಿನವೇ ಪೊರಕೆ ಮುರಿದು ಒಲೆಗೆ ಹಾಕ್ತೀನಿ."

ಅವತ್ತು ನಡು ಮಧ್ಯಾಹ್ನ. ಒಂದು ಐಸ್ ಲಾರಿ ಬಂತು. ಮೀನು, ಮಾಂಸ ಕೊಳೆಯದ ಹಾಗೆ ಒಳಗೆ ಥಂಡಿ ಹಿಡಿಸುವ ಲಾರಿ. ಗೋಡೆ ದಪ್ಪ, ಬಾಗಿಲು ದಪ್ಪ. ಒಳಗಿನಿಂದ ತೆಗೆಯಲು ಒಂದು ಹಿಡಿ ಇರಬೇಕಿತ್ತು, ಅದು ಯಾವಾಗಲೋ ಕಿತ್ತುಹೋಗಿತ್ತು. ಮೀನು ಇಳಿದಿತ್ತು. ನೆಲದ ತುಂಬ ಲೋಳೆ, ಕರಗಿದ ಐಸಿನ ನೀರು. ಅತ್ತಿಗೆ ಪೊರಕೆ, ಬಕೆಟ್ಟು ಹಿಡಿದು ಹತ್ತಲು ಹೋದಳು. ಮಂಡಿ ಏಳಲಿಲ್ಲ. ಕುಳ್ಳಿ ಹಿಂದಿನಿಂದ ನೂಕಿ ಹತ್ತಿಸಿದಳು. ಮೇಸ್ತ್ರಿ ಅಗುಳಿ ಜಡಿದ. ಕುಳ್ಳಿ ತನ್ನ ಲಾರಿಗೆ ಹೋದಳು.

ಅವಳ ಲಾರಿ ಅಂಗಳ ದಾಟಿತು. ಹಮಾಲರು ಬಾಗಿಲು ತೆಗೆದರು. ಇಳಿದು ನೋಡುತ್ತಾಳೆ, ಪಕ್ಕದ ಕಟ್ಟೆಗೆ ಬರಬೇಕಿದ್ದ ಐಸ್ ಲಾರಿ ಅರ್ಧ ಅಂಗಳದಲ್ಲಿ ತಿರುಗುತ್ತಿದೆ. ತಿರುಗಿ ಹೊರಗಿನ ಗೇಟಿನ ಕಡೆ ಹೋಗುತ್ತಿದೆ. ಲಾರಿಯ ತಲೆಯ ಮೇಲಿನ ಥಂಡಿ ಮೆಷೀನು ಗುಂಯ್ ಅನ್ನಲು ಶುರುವಾಯಿತು.

ಆದದ್ದು ಇಷ್ಟೇ. ಮೂರು ಗಂಟೆ ದಾರಿಯಾಚೆ ಇನ್ನೊಂದು ಟರ್ಮಿನಲ್. ಅಲ್ಲಿ ಮೀನು ಬಂದು ಬಿದ್ದಿತ್ತು. ಹತ್ತಿರದ ಖಾಲಿ ಐಸ್ ಲಾರಿ ಯಾವುದು ಎಂದು ಕಂಪ್ಯೂಟರ್ ಹುಡುಕಿತು. ಇದು ಸಿಕ್ಕಿತು. ಇಲ್ಲಿ ತುಂಬಬೇಡ, ಅಲ್ಲಿಗೆ ಹೋಗು, ಹೋಗುತ್ತಾ ಹೋಗುತ್ತಾ ಥಂಡಿ ಹಿಡಿಸಿಕೋ ಎಂದು ಡ್ರೈವರನ ಫೋನಿಗೆ ಹೇಳಿತು. ಅವನು ಥಂಡಿ ಮೆಷೀನಿನ ಗುಂಡಿ ಒತ್ತಿ ಲಾರಿ ತಿರುಗಿಸಿದ. ಹಿಂದೆ ಒಬ್ಬಳಿದ್ದಾಳೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಕುಳ್ಳಿ ಲಾರಿಯ ಹಿಂದೆ ಓಡಿದಳು. ಗೇಟು ತಾನಾಗೇ ತೆರೆಯಿತು, ತಾನಾಗೇ ಮುಚ್ಚಿತು. ತಿರುಗಿ ಮೇಸ್ತ್ರಿಯ ಹತ್ತಿರ ಓಡಿದಳು.

"ಮೇಸ್ತ್ರೀ, ಐಸ್ ಲಾರಿ ಹೊರಗೆ ಹೋಯ್ತು! ಒಳಗೆ ಅತ್ತಿಗೆ ಇದ್ದಾಳೆ! ಫೋನ್ ಮಾಡಿ!"

ಮೇಸ್ತ್ರಿ ಸುತ್ತ ನೋಡಿದ. "ಕಿರುಚಬೇಡ. ಒಳಗೆ ಯಾಕೆ ಹತ್ತಿಸಿದ್ದೆ ಅಂತ ಮೇಲಿನವರು ನನ್ನ ಕೇಳ್ತಾರೆ. ಅಲ್ಲಿ ಹೋದ ಮೇಲೆ ಬಾಗಿಲು ತೆಗೀತಾರೆ, ಇಳೀತಾಳೆ. ಪುಕ್ಕಟೆ ಸವಾರಿ ಅಂದ್ಕೋ."

"ಐಸ್ ಲಾರಿ ಕಣೋ ಅದು! ಮೆಷೀನ್ ಹಾಕಿದ್ದಾನೆ! ಅವಳ ಮೈಯೆಲ್ಲ ಒದ್ದೆ!"

ಅವನಿಗೆ ಅವಳು ಯಾವತ್ತೂ 'ಕಣೋ' ಅಂದಿರಲಿಲ್ಲ. ಅವನು ಹೆದರಿದ್ದು ಆ ಲಾರಿಗೋ ಈ ಮಾತಿಗೋ, ಮುಖ ಮಾತ್ರ ಕಪ್ಪಗಾಯಿತು. "ಹೋಗೇ, ಹೋಗಿ ಕೆಲಸ ನೋಡು," ಅಂದ.

ಕೆಲಸಕ್ಕೆ ಬಂದಾಗಲೇ ಹೆಂಗಸರ ಫೋನುಗಳನ್ನೆಲ್ಲ ಅವನು ಇಸಿದುಕೊಂಡು ಬೀಗ ಹಾಕುತ್ತಿದ್ದ. ಕುಳ್ಳಿಗೆ ಉಳಿದದ್ದು ಮೇಲಿನ ರೂಮು. ಅಲ್ಲಿಗೆ ಗುಡಿಸುವ ಹೆಂಗಸರು ಹತ್ತುವಂತಿರಲಿಲ್ಲ. ಹತ್ತಿದಳು. ಮೆಟ್ಟಿಲ ಮೇಲೆಲ್ಲ ಮೀನಿನ ನೀರಿನ ಹೆಜ್ಜೆ. ಮೇಲೆ ಗಾಜಿನ ಬಾಗಿಲು. ಒಳಗೆ ಕನ್ನಡಕದ ಇಂಜಿನಿಯರ್ ಕೂತಿದ್ದ. ಎದುರಿಗೆ ಗೋಡೆಯಷ್ಟು ಅಗಲದ ಪರದೆ. ಅವಳನ್ನು ನೋಡಿ, ಕೆಳಗೆ ಹೋಗು ಎಂದು ಕೈ ಮಾಡಿದ. ಅವಳು ಎರಡೂ ಅಂಗೈಯಿಂದ ಗಾಜು ಬಡಿದಳು. ಅವನು ಎದ್ದು ಬಂದು ಅಷ್ಟೇ ಅಷ್ಟು ಬಾಗಿಲು ತೆರೆದ.

"ಸಾರ್, ಈಗ ಹೋಯ್ತಲ್ಲ ಐಸ್ ಲಾರಿ, ಅದನ್ನ ನಿಲ್ಸಿ. ಒಳಗೆ ನಮ್ಮತ್ತಿಗೆ ಇದ್ದಾಳೆ."

ಇಂಜಿನಿಯರ್ ಪರದೆ ನೋಡಿದ. "ಆ ಲಾರಿ ಖಾಲಿ."

"ಖಾಲಿ ಅಲ್ಲ ಸಾರ್. ನಾನೇ ನೂಕಿ ಹತ್ತಿಸಿದ್ದೀನಿ."

"ಖಾಲಿ ಅಂತ ತೋರಿಸ್ತಿದೆಯಲ್ಲಮ್ಮಾ. ಖಾಲಿ ಲಾರಿ ಒಳಗೆ ಅವರು ಯಾಕೆ ಹೋಗ್ತಾರೆ?"

"ಗುಡಿಸೋಕೆ."

"ಓಡೋ ಲಾರೀಲಿ?" ಅವನು ನಕ್ಕ. ಕೆಟ್ಟ ನಗುವಲ್ಲ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ. ಅವನು ಇಷ್ಟು ದಿನ ಲಾರಿ ನೋಡಿದ್ದು ಪರದೆಯಲ್ಲಿ. ಅಲ್ಲಿ ಅದು ಬೆರಳುಗುರಿನಷ್ಟು ಹಸಿರು ಚೌಕ. ಆದರೂ ಅನುಮಾನಕ್ಕೆ ಫೋನ್ ಎತ್ತಿ ಮೇಸ್ತ್ರಿಗೆ ಮಾಡಿದ. ಮೇಸ್ತ್ರಿಯ ದನಿ ಕುಳ್ಳಿಗೂ ಕೇಳಿಸಿತು.

"ಇಲ್ಲ ಸಾರ್. ಆ ಹೆಂಗಸು ಹೊಟ್ಟೆನೋವು ಅಂತ ಬೆಳಿಗ್ಗೆನೇ ಮನೆಗೆ ಹೋದ್ಲು. ಇವಳಿಗೆ ಸ್ವಲ್ಪ ತಲೆ ಸರಿಯಿಲ್ಲ ಸಾರ್. ಕೆಳಗೆ ಕಳ್ಸಿ."

"ಕೇಳಿಸ್ತಾ?" ಅಂದ ಇಂಜಿನಿಯರ್.

"ಸುಳ್ಳು ಸಾರ್! ನಿಮ್ಮ ಕಾಲಿಗೆ ಬೀಳ್ತೀನಿ. ಡ್ರೈವರ್ ಒಂದು ಸಲ ನಿಲ್ಸಿ ಬಾಗಿಲು ತೆಗೆದು ನೋಡಲಿ. ಅಷ್ಟು ಸಾಕು."

"ನಿಲ್ಸಿದ್ರೆ ಅಲ್ಲಿ ಅವನ ಸರದಿ ತಪ್ಪುತ್ತೆ. ಅವನ ಹಿಂದಿರೋ ಲಾರಿಗಳೆಲ್ಲ ಜಾರ್ತವೆ. ಸಂಜೆವರೆಗೂ ಎಲ್ಲ ಏರುಪೇರು. ನಿನಗೆ ಅದು ಅರ್ಥ ಆಗಲ್ಲ."

ಅವಳು ನಿಜಕ್ಕೂ ಅವನ ಕಾಲು ಹಿಡಿದಳು. ಅವನು ಹಿಂದೆ ಸರಿದ. ಶೂ ಒದ್ದೆಯಾಗಿತ್ತು. ಸೆಕ್ಯೂರಿಟಿಯವನು ಬಂದು ಅವಳ ರಟ್ಟೆ ಹಿಡಿದು ಮೆಟ್ಟಿಲು ಇಳಿಸಿದ.

ಕುಳ್ಳಿ ಗೇಟಿನಾಚೆ ಓಡಿದಳು. ರಸ್ತೆಗೆ ಅಡ್ಡ ನಿಂತು ಕೈಯಾಡಿಸಿದಳು. ಒಂದು ಕಾರು ನಿಧಾನ ಮಾಡಿ, ಅವಳ ಬಟ್ಟೆ ನೋಡಿ ಮುಂದೆ ಹೋಯಿತು. ಠಾಣೆಗೆ ಹೋದಳು. ಪೊಲೀಸಿನವನು ಮೇಸ್ತ್ರಿಗೆ ಫೋನ್ ಮಾಡಿದ. "ಮನೆಗೆ ಹೋಗಿದ್ದಾಳಂತಲ್ಲಮ್ಮಾ, ಮನೇಲಿ ನೋಡ್ದ್ಯಾ?" ಅಂದ. ಕಣ್ಣಾರೆ ಕಂಡವಳು, ಕೈಯಾರೆ ಹತ್ತಿಸಿದವಳು. ಆದರೂ ಮೂರು ಜನ ಒಂದೇ ಮಾತು ಹೇಳಿದಾಗ ಅವಳ ಕಾಲು ತಾನಾಗೇ ಮನೆಯ ಕಡೆ ಓಡಿತು. ಬಾಗಿಲು ತಳ್ಳಿದಳು. ಪುಟ್ಟಿ ಶಾಲೆಯಿಂದ ಬಂದು ನೀರು ಕಾಯಿಸುತ್ತಿದ್ದಳು.

"ಅತ್ತೆ, ಇಷ್ಟು ಬೇಗ ಬಂದ್ಯಾ? ಅಮ್ಮ ಎಲ್ಲಿ?"

ಆ ಕಡೆಯ ಟರ್ಮಿನಲ್‌ನಲ್ಲಿ ಹಮಾಲರು ಬಾಗಿಲು ತೆಗೆದಾಗ ಅತ್ತಿಗೆ ಬಾಗಿಲ ಹತ್ತಿರವೇ ಮುದುಡಿ ಬಿದ್ದಿದ್ದಳು. ಬಟ್ಟೆ ಮರದ ತೊಗಟೆಯ ಹಾಗೆ ಗಟ್ಟಿಯಾಗಿತ್ತು. ಬೆರಳ ತುದಿಯ ಚರ್ಮ ಕಿತ್ತು ಬಾಗಿಲಿಗೇ ಅಂಟಿತ್ತು. ಪೊರಕೆಯ ಹಿಡಿ ಮೂರು ತುಂಡಾಗಿತ್ತು. ಲಾರಿಯ ನೆಲ ಚೊಕ್ಕಟವಾಗಿತ್ತು. ಪೂರ್ತಿ ಗುಡಿಸಿದ್ದಳು. ಮೂಲೆಯಲ್ಲಿ ಕಸ ಒಟ್ಟಿದ್ದಳು.

ಅವಳನ್ನು ಇಳಿಸಿ ಗೋಣಿಚೀಲದ ಮೇಲೆ ಮಲಗಿಸಿದರು. ಲಾರಿಗೆ ಮೀನು ತುಂಬಿದರು. ಹಿಂದೆ ಬೇರೆ ಲಾರಿಗಳು ಕಾಯುತ್ತಿದ್ದವು. ಹೇಳಿದ ಹೊತ್ತಿಗೆ ಲಾರಿ ಹೊರಟುಹೋಯಿತು.

ಮಣ್ಣು ಮಾಡಿದ ಮಾರನೇ ದಿನ ಆ ಡ್ರೈವರ್ ಮನೆ ಹುಡುಕಿಕೊಂಡು ಬಂದ. ಒಳಗೆ ಬರಲಿಲ್ಲ. ಹೊಸಿಲ ಹೊರಗೆ ಕುಕ್ಕರುಗಾಲಲ್ಲಿ ಕೂತ.

"ಡಬ ಡಬ ಅಂತ ಕೇಳಿಸ್ತು ಅಕ್ಕಾ," ಅಂದ. "ಬಾಗಿಲು ಸಡಿಲ ಆಗಿರಬೇಕು ಅಂದ್ಕೊಂಡೆ. ದಾರೀಲಿ ನಿಲ್ಸಿದ್ರೆ ಫೋನ್ ಬಡ್ಕೊಳ್ಳುತ್ತೆ. ಸರದಿ ಹೋಯ್ತು ಅಂದ್ರೆ ಮತ್ತೆ ಸಾಲಿನ ಬಾಲಕ್ಕೆ ಹೋಗಿ ನಿಲ್ಬೇಕು. ರೇಡಿಯೋ ಜೋರು ಮಾಡ್ಕೊಂಡೆ. ಆಮೇಲೆ ಕೇಳಿಸಲಿಲ್ಲ."

"ಎಷ್ಟು ಹೊತ್ತು ಕೇಳಿಸ್ತು?"

ಅವನು ನೆಲ ನೋಡಿದ. "ತುಂಬಾ ಹೊತ್ತು."

ಒಳಗೆ ಪುಟ್ಟಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

"ಇದನ್ನ ವಿಚಾರಣೆಗೆ ಬರೋ ಸರ್ಕಾರಿ ಅಧಿಕಾರಿ ಮುಂದೆ ಹೇಳ್ತೀಯಾ?" ಎಂದಳು ಕುಳ್ಳಿ.

"ಹೇಳ್ತೀನಿ ಅಕ್ಕಾ. ಆಣೆ."

ಅಧಿಕಾರಿ ಬಂದ ದಿನ ಮ್ಯಾನೇಜರ್ ಮೊದಲು ಕುಳ್ಳಿಯನ್ನು ತನ್ನ ರೂಮಿಗೆ ಕರೆಸಿದ. ಕುರ್ಚಿ ಎಳೆದುಕೊಟ್ಟ. ಗಾಜಿನ ಲೋಟದಲ್ಲಿ ನೀರು ಕೊಟ್ಟ. ಇಷ್ಟು ವರ್ಷದಲ್ಲಿ ಆ ಟರ್ಮಿನಲ್‌ನಲ್ಲಿ ಅವಳು ಕೂತ ಮೊದಲ ಕುರ್ಚಿ.

"ನೋಡಮ್ಮಾ, ಆಗಬಾರದ್ದು ಆಯ್ತು. ಹೋದೋರು ವಾಪಸ್ ಬರಲ್ಲ. ಮಂಡಿನೋವು ಇತ್ತಲ್ಲ ಅವರಿಗೆ? ನೋವು ಅಂತ ಸ್ವಲ್ಪ ಮಲಗೋಕೆ ಲಾರಿ ಹತ್ತಿದ್ರು, ನಿದ್ದೆ ಬಂದುಬಿಡ್ತು. ಅಷ್ಟು ಹೇಳು. ನಿನ್ನ ಕೆಲಸ ಕಾಯಂ ಮಾಡ್ತೀವಿ. ಆ ಹುಡುಗಿ ಓದು ನಾವು ನೋಡ್ಕೋತೀವಿ."

"ಹೇಳದೆ ಇದ್ರೆ?"

"ಹೇಳದೆ ಇದ್ರೆ ಈ ಹೆಂಗಸರಿಗೆ ಶಿಸ್ತಿಲ್ಲ ಅಂತಾಗುತ್ತೆ. ಎಲ್ಲರನ್ನೂ ಬಿಡಿಸಬೇಕಾಗುತ್ತೆ. ಅವರ ಹೊಟ್ಟೆ ಮೇಲೂ ನೀನೇ ಹೊಡೀತೀಯಾ?"

ಕುಳ್ಳಿ ನೀರು ಕುಡಿಯಲಿಲ್ಲ. ಎದ್ದು ಹೊರಗೆ ಬಂದಳು.

ಮೇಲಿನ ರೂಮಿನಲ್ಲಿ ಅಧಿಕಾರಿ ಮೇಜಿನ ಮುಂದೆ ಕೂತಿದ್ದ. ಹೊಟ್ಟೆನೋವಿನ ಕಥೆ ಬಿಟ್ಟು ಮೇಸ್ತ್ರಿ ಈಗ ನಿದ್ದೆಯ ಕಥೆ ಹೇಳಿದ. ಡ್ರೈವರ್ ಬಂದ. ಏನಾದರೂ ಕೇಳಿಸಿತಾ ಎಂದು ಅಧಿಕಾರಿ ಕೇಳಿದ. ಡ್ರೈವರ್ ಕುಳ್ಳಿಯ ಕಡೆ ನೋಡಲಿಲ್ಲ. "ಏನೂ ಕೇಳಿಸಲಿಲ್ಲ ಸಾರ್," ಅಂದ.

ಇಂಜಿನಿಯರ್ ತನ್ನ ಕಂಪ್ಯೂಟರ್ ತಿರುಗಿಸಿ ತೋರಿಸಿದ. "ಇಲ್ನೋಡಿ ಸಾರ್. ಇಳಿಸೋದು ಮುಗೀತು, ಅಂಗಳ ದಾಟೋದು ಶುರುವಾಯ್ತು. ನಡುವೆ ಒಂದು ನಿಮಿಷವೂ ಇಲ್ಲ. ಗುಡಿಸೋಕೆ ಟೈಮೇ ಇಲ್ಲ ಅಂದ ಮೇಲೆ ಅಲ್ಲಿ ಗುಡಿಸೋ ಕೆಲಸ ನಡೆದಿರೋಕೆ ಸಾಧ್ಯವೇ ಇಲ್ಲ."

"ಟೈಮೇ ಇಲ್ಲ ಅಂದ್ರೆ," ಎಂದಳು ಕುಳ್ಳಿ, "ಇಷ್ಟು ದಿನ ನಿನ್ನ ಲಾರಿಗಳನ್ನ ಯಾರು ಗುಡಿಸಿದ್ರು? ನಿಮ್ಮಪ್ಪ ಬಂದು ಗುಡಿಸಿದ್ನಾ?"

"ಬಾಯಿ ಬಿಗಿಹಿಡಿದು ಮಾತಾಡು," ಅಂದ ಅಧಿಕಾರಿ.

"ಬಾಯಲ್ಲಿ ಹಲ್ಲಿಲ್ಲ ಸಾರ್, ಬಿಗಿ ಹಿಡಿಯೋಕೆ. ಅವೂ ಓಡೋ ಲಾರೀಲೇ ಹೋದ್ವು. ಬನ್ನಿ, ಕೆಳಗೆ ಬನ್ನಿ. ಹೆಂಗೆ ಗುಡಿಸ್ತೀವಿ ತೋರಿಸ್ತೀನಿ. ನೀವೂ ಒಳಗೆ ನಿಂತ್ಕೊಳ್ಳಿ."

ಅಧಿಕಾರಿ ಗಡಿಯಾರ ನೋಡಿದ. ಮೇಸ್ತ್ರಿ, ಇಂಜಿನಿಯರ್ ಹೇಳಿದ್ದನ್ನೇ ಬರೆದುಕೊಂಡು ಹೋದ. ಸತ್ತವಳು ಕೆಲಸದ ಹೊತ್ತಿನಲ್ಲಿ ನಿದ್ದೆ ಮಾಡಲು ಅನುಮತಿ ಇಲ್ಲದೆ ಲಾರಿ ಹತ್ತಿದ್ದಳು. ಆ ಹೊತ್ತಿಗೆ ಅಲ್ಲಿ ಗುಡಿಸುವ ಕೆಲಸ ಇರಲಿಲ್ಲ.

ಕುಳ್ಳಿ ಅಂಗಳಕ್ಕೆ ಇಳಿದಳು. ಉಳಿದ ನಾಲ್ಕು ಹೆಂಗಸರು ನೀರಿನ ಪೈಪಿನ ಹತ್ತಿರ ನಿಂತಿದ್ದರು. ನಡೆದದ್ದನ್ನು ಹೇಳಿದಳು. ಯಾರೂ ಅಳಲಿಲ್ಲ. ಅಳುವುದು ಮುಗಿದಿತ್ತು.

ಮೇಸ್ತ್ರಿ ಕೂಗಿದ, "ಏನ್ ನಿಂತಿದ್ದೀರಾ? ಗಾಜಿನ ಲಾರಿ ಬಂದಿದೆ, ಹತ್ತಿ!"

"ಹತ್ತಿ ಏನು ಮಾಡೋದು?" ಎಂದಳು ಕುಳ್ಳಿ.

"ಗುಡಿಸೋದು!"

"ಗುಡಿಸೋ ಕೆಲಸ ಇಲ್ವಂತಲ್ಲ ಇಲ್ಲಿ. ಈಗ ತಾನೇ ಬರ್ಕೊಂಡು ಹೋದ್ರು. ಇಲ್ಲದ ಕೆಲಸ ನಾವು ಹೆಂಗೆ ಮಾಡೋದು?"

ಪೊರಕೆ ನೆಲಕ್ಕೆ ಹಾಕಿ ಅದರ ಪಕ್ಕದಲ್ಲೇ ಕೂತಳು. ನಾಲ್ವರೂ ಕೂತರು. ಮೇಸ್ತ್ರಿ ಬಂದು ಕುಳ್ಳಿಯ ಕೂದಲು ಹಿಡಿದು ಎಳೆದ. ಎದ್ದಳು. ಬಿಟ್ಟ ಕೂಡಲೇ ಮತ್ತೆ ಕೂತಳು. ಕೆನ್ನೆಗೆ ಹೊಡೆದ. ಬಾಯಲ್ಲಿ ರಕ್ತ ಬಂತು. ಉಗಿದಳು, ಕೂತೇ ಇದ್ದಳು. ಐವರಲ್ಲಿ ಹಿರಿಯವಳನ್ನು ಎಲ್ಲರೂ ಅಜ್ಜಿ ಅನ್ನುತ್ತಿದ್ದರು. ಅವಳು ಪೊರಕೆಯನ್ನು ತಿರುಗಿಸಿ ಹಿಡಿದು, "ಇನ್ನೊಂದು ಸಲ ಕೈಯೆತ್ತು ನೋಡೋಣ," ಅಂದಳು. ಮೇಸ್ತ್ರಿ ಎತ್ತಲಿಲ್ಲ.

ಗಾಜಿನ ಪುಡಿ ಬಿದ್ದ ಲಾರಿ ಹಾಗೇ ಅಂಗಳ ದಾಟಿತು. ಅದಕ್ಕೆ ಬಟ್ಟೆಯ ಮೂಟೆ ತುಂಬಬೇಕಿತ್ತು. ಒಳಗೆ ಕಾಲಿಟ್ಟ ಹಮಾಲ ಅಮ್ಮಾ ಎಂದು ಕಾಲು ಹಿಡಿದುಕೊಂಡು ಕೂತ. ಹಸಿ ಚರ್ಮ ತಂದ ಲಾರಿಗೆ ಮಕ್ಕಳ ಹಾಲಿನ ಪುಡಿ ತುಂಬಬೇಕಿತ್ತು. ಬಾಗಿಲು ತೆಗೆದವರು ವಾಂತಿ ಮಾಡಿಕೊಂಡರು. ತುಂಬುವ ಕಟ್ಟೆಗಳು ನಿಂತವು. ಸಿಸ್ಟಮ್ ಒಂದು ಲಾರಿಯನ್ನು ಅತ್ತ ಕಳಿಸಿತು, ಇನ್ನೊಂದನ್ನು ಇತ್ತ ಕಳಿಸಿತು. ಎಲ್ಲ ಅಂಗಳದ ನಡುವೆ ಮುಖಾಮುಖಿ ಸಿಕ್ಕಿಕೊಂಡು ಹಾರನ್ ಹೊಡೆಯತೊಡಗಿದವು.

ಆಗ ಇಂಜಿನಿಯರ್ ಕೆಳಗೆ ಬಂದ. ಮೂಗಿಗೆ ಕರವಸ್ತ್ರ ಹಿಡಿದಿದ್ದ. ಜೊತೆಗೆ ಮ್ಯಾನೇಜರ್. ಇಂಜಿನಿಯರ್ ಕುಳ್ಳಿಯ ಮುಂದೆ ಬಗ್ಗಿ, ಮೆತ್ತಗೆ ಮಾತಾಡಿದ.

"ಮೇಲೆ ಮಾತಾಡಿದ್ದೀನಿ. ಗುಡಿಸೋದನ್ನ ಲೆಕ್ಕಕ್ಕೆ ಸೇರಿಸ್ತಿದ್ದೀನಿ. ಲಾರಿಗೆ ನಾಲ್ಕು ನಿಮಿಷ. ನಿಂತ ಲಾರಿ. ಬಾಗಿಲು ತೆಗೆದೇ ಇರುತ್ತೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಕೇಳುತ್ತಿದ್ದದ್ದು ಇದನ್ನೇ.

"ಯಾವತ್ತಿಂದ?" ಎಂದಳು ಕುಳ್ಳಿ.

"ಇವತ್ತಿಂದ. ಈಗಿಂದಲೇ."

"ಅವತ್ತಿಂದ ಸೇರಿಸು. ಅತ್ತಿಗೆ ಹತ್ತಿದ ದಿನದಿಂದ ಸೇರಿಸು. ಅವತ್ತು ಅಲ್ಲಿ ಗುಡಿಸೋ ಕೆಲಸ ಇತ್ತು, ಅವಳು ಗುಡಿಸ್ತಿದ್ಲು ಅಂತ ಹಾಕು."

ಇಂಜಿನಿಯರ್ ಮ್ಯಾನೇಜರನ ಕಡೆ ನೋಡಿದ. "ಹಿಂದಿನದನ್ನ ತಿದ್ದೋಕೆ ಆಗಲ್ಲಮ್ಮಾ."

"ಹಂಗಾದ್ರೆ ನನ್ನ ಕೈಲಿ ಗುಡಿಸೋಕೂ ಆಗಲ್ಲ."

"ಹುಚ್ಚಿ ಥರ ಆಡಬೇಡ," ಅಂದ ಮ್ಯಾನೇಜರ್. "ನಾಲ್ಕು ನಿಮಿಷ ಕೊಟ್ಟಿದ್ದೀವಲ್ಲ."

"ಅವಳನ್ನ ಕೊಂದು ಕೊಟ್ಟಿದ್ದೀರಿ. ಅಷ್ಟು ಒಪ್ಕೊಳ್ಳಿ, ಆಮೇಲೆ ಪೊರಕೆ ಎತ್ತುತ್ತೀನಿ."

ಮ್ಯಾನೇಜರ್ ಉಳಿದ ನಾಲ್ವರ ಕಡೆ ತಿರುಗಿದ. ಗುಡಿಸುವವರು ಈಗಲೇ ಎದ್ದು ನಿಲ್ಲಿ, ಉಳಿದವರು ಗೇಟಿನಾಚೆ ಅಂದ. ಮೊದಲು ಒಬ್ಬಳು ಎದ್ದಳು. ಆಮೇಲೆ ಇನ್ನಿಬ್ಬರು. ಕೊನೆಗೆ ಅಜ್ಜಿಯೂ ಎದ್ದಳು. "ಮನೇಲಿ ಮೂರು ಹೊಟ್ಟೆ ಕಣೇ ಕುಳ್ಳಿ," ಎಂದಳು. ಪೊರಕೆ ಎತ್ತಿಕೊಂಡಳು.

"ಗೊತ್ತು ಹೋಗು. ನಿಂತ ಲಾರಿ ಮಾತ್ರ ಹತ್ತು," ಎಂದಳು ಕುಳ್ಳಿ.

ಸೆಕ್ಯೂರಿಟಿಯವನು ಅವಳ ರಟ್ಟೆಗೆ ಕೈ ಹಾಕಿದ. ಅವಳು ಕೊಡವಿಕೊಂಡು ತಾನೇ ನಡೆದಳು. ಬೆನ್ನ ಹಿಂದೆ ನಾಲ್ಕೂ ಪೊರಕೆಗಳ ಸದ್ದು ಕೇಳುತ್ತಿತ್ತು.

ಮನೆಯಲ್ಲಿ ಪುಟ್ಟಿ ಒಲೆ ಹಚ್ಚಿರಲಿಲ್ಲ. ಯೂನಿಫಾರ್ಮಿನಲ್ಲೇ ಕೂತಿದ್ದಳು.

"ಅತ್ತೆ, ಅಮ್ಮ ಲಾರೀಲಿ ಮಲಗೋಕೆ ಹತ್ತಿದ್ಲಂತೆ. ಶಾಲೇಲಿ ಎಲ್ಲ ಹೇಳ್ತಿದ್ದಾರೆ. ಕೆಲಸ ಕದ್ದು ಮಲಗಿದ್ಲಂತೆ, ಅದಕ್ಕೇ ಸತ್ತಳಂತೆ. ನಗ್ತಾರೆ."

ಕುಳ್ಳಿ ಅವಳ ಎದುರಿಗೆ ಕೂತಳು. ಮಗುವಿಗೆ ಏನು ಹೇಳಬೇಕು ಏನು ಹೇಳಬಾರದು ಎಂದು ಯೋಚಿಸಲಿಲ್ಲ. ಎಲ್ಲ ಹೇಳಿದಳು. ಅಗುಳಿ ಜಡಿದವನನ್ನು ಹೇಳಿದಳು. ಗಾಜಿನ ಬಾಗಿಲು ಹೇಳಿದಳು. ರೇಡಿಯೋ ಜೋರು ಮಾಡಿದವನನ್ನು ಹೇಳಿದಳು. ಬೆರಳು ಹೇಳಿದಳು. ಗುಡಿಸಿದ ನೆಲ ಹೇಳಿದಳು. ಪುಟ್ಟಿ ಕಣ್ಣು ಮಿಟುಕಿಸದೆ ಕೇಳಿದಳು. ಮಧ್ಯೆ ಒಂದು ಸಲ ಎದ್ದು ಹೊರಗೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದುಕೊಂಡು ಬಂದು, "ಮುಂದೆ ಹೇಳು," ಅಂದಳು.

ಬೆಳಿಗ್ಗೆ ಪುಟ್ಟಿ ಶಾಲೆಯ ಚೀಲ ಎತ್ತಿಕೊಳ್ಳಲಿಲ್ಲ. "ನಡಿ ಅತ್ತೆ," ಎಂದಳು.

ಟರ್ಮಿನಲ್‌ನ ಗೇಟಿನ ಮುಂದೆ ಲಾರಿಗಳು ತಂತಮ್ಮ ಹೊತ್ತಿಗೆ ಒಂದರ ಹಿಂದೊಂದು ಬರುತ್ತಿದ್ದವು. ಪುಟ್ಟಿ ಮೊದಲ ಲಾರಿಯ ಮೂತಿಗೆ ಎದುರಾಗಿ ನಿಂತಳು. ಡ್ರೈವರ್ ದೂರದೂರಿನವನು, ಹೊಸಬ. ತಲೆ ಹೊರಗೆ ಹಾಕಿ, "ಏನಮ್ಮಾ, ಸಾಯ್ತೀಯಾ?" ಎಂದು ಬೈದ.

"ನಮ್ಮಮ್ಮ ಇಲ್ಲಿ ಲಾರಿ ಗುಡಿಸ್ತಾ ಸತ್ತಳು," ಎಂದಳು ಪುಟ್ಟಿ. "ಹೊರಗಿಂದ ಅಗುಳಿ ಹಾಕಿದ್ರು. ಐಸ್ ಲಾರಿ. ತುಂಬಾ ಹೊತ್ತು ಬಾಗಿಲು ಬಡಿದ್ಲು. ಮಲಗಿದ್ಲು ಅಂತ ಬರೆದಿದ್ದಾರೆ."

ಡ್ರೈವರನ ಕೈ ಹಾರನ್ ಮೇಲೆ ಇತ್ತು. ಅವನ ಫೋನು ಒಂದೇ ಸಮ ಕೂಗುತ್ತಿತ್ತು, ಹೊತ್ತಾಯಿತು ಮುಂದೆ ಹೋಗು ಎಂದು. ಹಿಂದಿನ ಲಾರಿಯವನು ಬಂದು ನಿಂತ. ಅವನ ಹಿಂದಿನವನೂ ಬಂದ.

ಮೇಸ್ತ್ರಿ ಗೇಟಿನಿಂದ ಓಡಿ ಬಂದ. "ಏಯ್, ಯಾರೇ ನೀನು? ಯಾರ ಮಗಳೇ? ಎಳೀರಿ ಇವಳನ್ನ ಈಚೆಗೆ!"

"ಗುಡಿಸೋಳ ಮಗಳು," ಎಂದಳು ಪುಟ್ಟಿ.

ಮೇಸ್ತ್ರಿ ಅವಳ ಕಪಾಳಕ್ಕೆ ಹೊಡೆದ. ಅವಳು ಬಿದ್ದಳು. ಕುಳ್ಳಿ ಅವಳನ್ನು ಎಬ್ಬಿಸಿ ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿ, ಪಕ್ಕದಲ್ಲಿ ತಾನೂ ನಿಂತಳು. ಪುಟ್ಟಿ ಮೂಗಿನ ರಕ್ತ ಒರೆಸಿಕೊಳ್ಳಲಿಲ್ಲ. ಮೊದಲಿನಿಂದ ಶುರು ಮಾಡಿದಳು, ಈ ಸಲ ಹಿಂದಿನವರಿಗೂ ಕೇಳುವಷ್ಟು ಜೋರಾಗಿ.

"ನಮ್ಮಮ್ಮ ಇಲ್ಲಿ ಲಾರಿ ಗುಡಿಸ್ತಾ ಸತ್ತಳು."

ಡ್ರೈವರ್ ಎಂಜಿನ್ ಆರಿಸಿದ. ಬೀಗದ ಕೈ ಜೇಬಿಗೆ ಹಾಕಿಕೊಂಡು ಕೆಳಗಿಳಿದ.